ಒಂಟಿ ಹವ್ಯಾಸಿಗೆ ಒಂದು ಕರೆಯೋಲೆ

1970ರ ಮಾರ್ಚ್ 21. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಯು.ಎಸ್. ಗ್ರಾಂಟ್ ಹೋಟೆಲಿನ ನೆಲಮಾಳಿಗೆಯಲ್ಲಿ ಕಾಮಿಕ್ಸ್ ಪ್ರಿಯರ ಒಂದು ದಿನದ ಸಮಾವೇಶ ನಡೆಯಿತು. ಬಂದವರು ನೂರರ ಆಸುಪಾಸು. ಅದರ ಉದ್ದೇಶ ಸ್ವಲ್ಪ ವಿಚಿತ್ರವೇ ಆಗಿತ್ತು: ಆಗಸ್ಟ್‌ನಲ್ಲಿ ಇದಕ್ಕಿಂತ ದೊಡ್ಡದೊಂದು ಸಮಾವೇಶ ನಡೆಯಲಿದೆ ಎಂದು ಸಾರುವುದು, ಅದಕ್ಕೆ ಬೇಕಾದ ಒಂದಿಷ್ಟು ದುಡ್ಡು ಕೂಡಿಸುವುದು. ಅಂದರೆ ಒಂದು ಸಮಾವೇಶದ ಜಾಹೀರಾತಿಗಾಗಿ ಇನ್ನೊಂದು ಸಮಾವೇಶ! ಜಾಹೀರಾತಿಗೆ ಕಾಸಿಲ್ಲದವರಿಗೆ ಮಾತ್ರ ಹೊಳೆಯುವ ಉಪಾಯ ಇದು.

ಇದರ ಹಿಂದೆ ಇದ್ದವರು ಡೆಟ್ರಾಯ್ಟ್‌ನಿಂದ ಬಂದು ನೆಲೆಸಿದ್ದ ಶೆಲ್ ಡಾರ್ಫ್ ಮತ್ತು ಅವರ ಸುತ್ತ ನೆರೆದಿದ್ದ ಹದಿಹರೆಯದ ಹುಡುಗರ ಒಂದು ತಂಡ. ಡೆಟ್ರಾಯ್ಟ್‌ನಲ್ಲಿ ಇಂಥದೇ ಮೇಳ ನಡೆಸಿದ್ದ ಅನುಭವ ಡಾರ್ಫ್‌ಗೆ ಇತ್ತು. ಹುಡುಗರಿಗೆ ಅನುಭವ ಇರಲಿಲ್ಲ, ಹುರುಪಿತ್ತು. ಮಾರ್ಚ್‌ನ ಆ ಪುಟ್ಟ ಕೂಟಕ್ಕೆ ಅತಿಥಿಯಾಗಿ ಬಂದವರು ಫಾರೆಸ್ಟ್ ಅಕರ್‌ಮನ್. ಭೂತ, ಪಿಶಾಚಿ, ರಾಕ್ಷಸರ ಸಿನಿಮಾಗಳಿಗೇ ಮೀಸಲಾದ ಒಂದು ಪತ್ರಿಕೆಯ ಸಂಪಾದಕರು. ಕಾಮಿಕ್ಸ್ ಓದುವ ಹುಡುಗರಲ್ಲಿ ಬಹುಪಾಲು ಮಂದಿ ಆ ಪತ್ರಿಕೆಯನ್ನೂ ಓದುತ್ತಿದ್ದರು. ಅವರ ಹೆಸರನ್ನು ಕರಪತ್ರದಲ್ಲಿ ಹಾಕಿದ ಕೂಡಲೇ ಕಾಮಿಕ್ಸ್ ಸಂಗ್ರಹಿಸುವವನ ಜೊತೆಗೆ ಭೂತದ ಸಿನಿಮಾ ನೋಡುವವನ ಕಿವಿಯೂ ನೆಟ್ಟಗಾಯಿತು.

ಆಗಸ್ಟ್ 1ರಿಂದ 3ರವರೆಗೆ ಅದೇ ಹೋಟೆಲಿನಲ್ಲಿ ನಡೆದ ಮೂರು ದಿನಗಳ ಸಮಾವೇಶಕ್ಕೆ ಸುಮಾರು 300 ಜನ ಬಂದರು. ಕ್ಯಾಪ್ಟನ್ ಅಮೆರಿಕದಂಥ ಪಾತ್ರಗಳ ಸೃಷ್ಟಿಯಲ್ಲಿ ಪಾಲಿದ್ದ ಚಿತ್ರಕಾರ ಜ್ಯಾಕ್ ಕರ್ಬಿ ಬಂದಿದ್ದರು. ವಿಜ್ಞಾನ ಕಥೆಗಾರರಾದ ರೇ ಬ್ರಾಡ್‌ಬರಿ, ಎ.ಇ. ವ್ಯಾನ್ ವೋಟ್ ಬಂದಿದ್ದರು. ಬ್ರಾಡ್‌ಬರಿ ಆ ಹೊತ್ತಿಗಾಗಲೇ ದೊಡ್ಡ ಹೆಸರು. ಭಾಷಣಕ್ಕೆ ಸಂಭಾವನೆ ಪಡೆಯುತ್ತಿದ್ದವರು. ಇದು ಲಾಭದ ಕಾರ್ಯಕ್ರಮವಲ್ಲ ಎಂದು ತಿಳಿದ ಮೇಲೆ ದುಡ್ಡಿಲ್ಲದೆ ಬರಲು ಒಪ್ಪಿದರು. ಕಾಮಿಕ್ಸ್ ಜೊತೆಗೆ ವಿಜ್ಞಾನ ಕಥೆ, ಸಿನಿಮಾಗಳಿಗೂ ಜಾಗ ಕೊಡುವ ನಿರ್ಧಾರವನ್ನು ಸಂಘಟಕರು ಮೊದಲ ವರ್ಷವೇ ಮಾಡಿಬಿಟ್ಟಿದ್ದರು. ಇಂದು ಅದೇ ಸ್ಯಾನ್ ಡಿಯಾಗೊ ಕಾಮಿಕ್-ಕಾನ್‌ಗೆ ವರ್ಷಕ್ಕೆ 1,30,000ಕ್ಕೂ ಹೆಚ್ಚು ಜನ ಬರುತ್ತಾರೆ. ಟಿಕೆಟ್ ಸಿಗುವುದೇ ಅದೃಷ್ಟ.

ಆದರೆ ಈ ಬರಹದ ಕುತೂಹಲ ಲಕ್ಷ ದಾಟಿದವರ ಬಗ್ಗೆ ಅಷ್ಟಾಗಿ ಇಲ್ಲ. ನೂರನ್ನು ಮುನ್ನೂರು ಮಾಡುವುದು ಹೇಗೆ ಎಂಬುದು ಹೆಚ್ಚು ಕಷ್ಟದ ಲೆಕ್ಕ. ಅಂಚೆಚೀಟಿ, ನಾಣ್ಯ, ಬೋನ್ಸಾಯ್, ಹಳೇ ರೇಡಿಯೊ, ಬೋರ್ಡ್ ಗೇಮ್, ರೈಲಿನ ಮಾದರಿ, ಯಾವುದೇ ಇರಲಿ, ಹವ್ಯಾಸಿಗಳ ಸಮಾವೇಶ ನಡೆಸಿದವರೆಲ್ಲ ಈ ಲೆಕ್ಕದ ಮುಂದೆ ತಲೆ ಕೆರೆದುಕೊಂಡವರೇ. ಸಾಹಿತ್ಯ ಸಮ್ಮೇಳನಕ್ಕಾದರೆ ಸರ್ಕಾರಿ ನೌಕರರಿಗೆ ಓಓಡಿ ಸೌಲಭ್ಯ ಉಂಟು, ಊಟ ಉಂಟು, ಮೆರವಣಿಗೆ ಉಂಟು. ಅಂಚೆಚೀಟಿ ನೋಡಲು ಹೋಗುತ್ತೇನೆಂದು ಯಾವ ಮೇಷ್ಟ್ರು ರಜೆ ಕೇಳಿಯಾರು? ಇಲ್ಲಿಗೆ ಬರುವವನು ತನ್ನ ಭಾನುವಾರವನ್ನು ತಾನೇ ಖರ್ಚು ಮಾಡಿ, ಮನೆಯವರ ಗೊಣಗಾಟವನ್ನು ದಾಟಿಕೊಂಡು ಬರಬೇಕು.

ಇಂಥ ಸಮಾವೇಶಕ್ಕೆ ಬರಬಹುದಾದವರು ಮೂರು ಬಗೆ. ಸಂಘದ ಸದಸ್ಯರು ಮೊದಲನೆಯವರು. ಪೋಸ್ಟರ್ ಹಚ್ಚಿದರೂ ಬರುತ್ತಾರೆ, ಹಚ್ಚದಿದ್ದರೂ ಬರುತ್ತಾರೆ. ಈ ಹವ್ಯಾಸದ ಗಂಧಗಾಳಿ ಇಲ್ಲದ ಊರ ಮಂದಿ ಕೊನೆಯವರು. ನಡುವೆ ಇನ್ನೊಂದು ಬಗೆಯವರಿದ್ದಾರೆ: ಹವ್ಯಾಸ ಇದೆ, ಆದರೆ ಮನೆಯೊಳಗೇ ಇದೆ. ತನ್ನಂಥವರು ಇದೇ ಊರಿನಲ್ಲಿ ಇನ್ನೂ ಇಪ್ಪತ್ತು ಜನರಿದ್ದಾರೆಂಬುದೇ ಅವರಿಗೆ ಗೊತ್ತಿಲ್ಲ. ಎಷ್ಟೋ ಸಂಘಟಕರು ಮೊದಲನೆಯವರಿಗೆ ಆಮಂತ್ರಣ ಕಳುಹಿಸಿ, ಕೊನೆಯವರಿಗಾಗಿ ಬ್ಯಾನರ್ ಕಟ್ಟಿ, ನಡುವಿನವರನ್ನು ಮರೆತುಬಿಡುತ್ತಾರೆ. ಹವ್ಯಾಸಗಳ ಇತಿಹಾಸವನ್ನು ಕೆದಕಿದರೆ, ಬೆಳೆದ ಸಮಾವೇಶಗಳೆಲ್ಲ ಬೆಳೆದದ್ದು ಈ ನಡುವಿನ ಒಂಟಿ ಹವ್ಯಾಸಿಯನ್ನು ಪತ್ತೆ ಹಚ್ಚಿದ್ದರಿಂದಲೇ.

ಪತ್ತೆ ಹಚ್ಚುವ ಮೊದಲ ಸಾಧನ ಯಾರೂ ಸಮಾವೇಶಕ್ಕೆಂದು ಹುಡುಕಿದ್ದಲ್ಲ. 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬ ಸಂಪಾದಕರು ನ್ಯೂಯಾರ್ಕ್‌ನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ವಿಜ್ಞಾನ ಕಥೆಗಳ ಪತ್ರಿಕೆ ಆರಂಭಿಸಿದರು. ಅದರಲ್ಲಿ ಓದುಗರ ಪತ್ರಗಳ ವಿಭಾಗವೊಂದಿತ್ತು. ಗರ್ನ್ಸ್‌ಬ್ಯಾಕ್ ಪತ್ರಗಳ ಕೆಳಗೆ ಬರೆದವರ ಹೆಸರಿನ ಜೊತೆ ವಿಳಾಸವನ್ನೂ ಅಚ್ಚು ಹಾಕಿಸಿದರು. ಅಷ್ಟೇ ಸಾಕಾಯಿತು. ಒಬ್ಬ ಓದುಗ ಇನ್ನೊಬ್ಬ ಓದುಗನಿಗೆ ನೇರವಾಗಿ ಕಾಗದ ಬರೆದ, ಒಂದೇ ಊರಿನವರು ಭೇಟಿಯಾದರು, ಕ್ಲಬ್ಬುಗಳು ಹುಟ್ಟಿದವು, ಕ್ಲಬ್ಬುಗಳಿಂದ ಕೈಬರಹದಷ್ಟೇ ಅಂದದ ಸೈಕ್ಲೊಸ್ಟೈಲ್ ಪತ್ರಿಕೆಗಳು ಹುಟ್ಟಿದವು. 1939ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮಾವೇಶ ಸೇರಿದಾಗ ಬಂದ ಸುಮಾರು 200 ಜನರ ಹಿಂದೆ ಇದ್ದದ್ದು ಈ ಅಂಚೆಯ ಜಾಲ. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ವಿಶ್ವ ಮೇಳ ನಡೆಯುತ್ತಿತ್ತು. ದೂರದ ಊರಿನ ಹುಡುಗ ಮನೆಯಲ್ಲಿ ಹೇಳಲು ಅದೊಂದು ಒಳ್ಳೆಯ ನೆಪವೂ ಆಗಿರಬೇಕು.

ಯುದ್ಧದ ಆಟಗಳನ್ನು ಮೇಜಿನ ಮೇಲೆ ಆಡುವವರ ಕಥೆ ಇನ್ನೂ ಸ್ವಾರಸ್ಯದ್ದು. ಅವಲಾನ್ ಹಿಲ್ ಎಂಬ ಕಂಪನಿ ಇಂಥ ಆಟಗಳನ್ನು ತಯಾರಿಸುತ್ತಿತ್ತು. ಕೊಂಡವರ ಗೋಳು ಒಂದೇ: ಆಟಕ್ಕೆ ಇಬ್ಬರು ಬೇಕು, ಎದುರಾಳಿ ಎಲ್ಲಿ? 1964ರಲ್ಲಿ ಕಂಪನಿ ‘ದಿ ಜನರಲ್’ ಎಂಬ ಪತ್ರಿಕೆ ಶುರು ಮಾಡಿ, ಅದರಲ್ಲಿ ‘ಎದುರಾಳಿಗಳು ಬೇಕಾಗಿದ್ದಾರೆ’ ಎಂಬ ಸಣ್ಣ ಜಾಹೀರಾತುಗಳ ಅಂಕಣ ತೆರೆಯಿತು. ವಧು-ವರರ ಅಂಕಣದಷ್ಟೇ ಶ್ರದ್ಧೆಯಿಂದ ಜನ ಅದನ್ನು ಓದಿದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಈ ಪತ್ರವ್ಯವಹಾರದ ಲೋಕದಲ್ಲಿ ಮುಳುಗಿದ್ದವರು. 1967ರಲ್ಲಿ ಕೆಲವರನ್ನು ತಮ್ಮ ಮನೆಗೇ ಕರೆದು ಆಡಿಸಿದರು. ಮರುವರ್ಷ ಊರಿನ ಹಾರ್ಟಿಕಲ್ಚರಲ್ ಹಾಲ್ ಅನ್ನು 50 ಡಾಲರ್‌ಗೆ ಬಾಡಿಗೆ ಹಿಡಿದರು. ಪ್ರವೇಶಕ್ಕೆ ಒಂದು ಡಾಲರ್. ಸುಮಾರು ನೂರು ಜನ ಬಂದರು. ಅದೇ ಜೆನ್ ಕಾನ್. ಅದರ ಮರುವರ್ಷದ ಕೂಟದಲ್ಲಿ ಗೈಗ್ಯಾಕ್ಸ್‌ಗೆ ಡೇವ್ ಆರ್ನೆಸನ್ ಸಿಕ್ಕರು. ಇಬ್ಬರೂ ಸೇರಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಮಾರುಕಟ್ಟೆಗೆ ಬಂತು. ಇಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಜೆನ್ ಕಾನ್‌ಗೆ 70,000 ದಾಟಿ ಜನ ಸೇರುತ್ತಾರೆ. ತೋಟಗಾರಿಕೆಯವರ ಸಭಾಂಗಣದಲ್ಲಿ ಯುದ್ಧದಾಟ ಆಡಿದ ಆ ನೂರು ಮಂದಿಯನ್ನು ಕರೆದದ್ದು ಯಾವ ಪೋಸ್ಟರೂ ಅಲ್ಲ. ಹವ್ಯಾಸಿ ತಾನಾಗಿಯೇ ಮತ್ತೆ ಮತ್ತೆ ಕಣ್ಣು ಹಾಯಿಸುತ್ತಿದ್ದ ಪುಟಗಳು.

ಇವತ್ತಿಗೆ ಇದನ್ನು ಅನ್ವಯಿಸುವುದು ಕಷ್ಟವೇನಲ್ಲ. ಒಂಟಿ ಹವ್ಯಾಸಿ ಎಲ್ಲಿಗಾದರೂ ಹೋಗಲೇಬೇಕು. ಅಂಚೆಚೀಟಿಯವನು ಪ್ರಧಾನ ಅಂಚೆ ಕಚೇರಿಯ ಫಿಲಾಟೆಲಿ ಕೌಂಟರಿಗೆ ಹೋಗುತ್ತಾನೆ. ಬೋನ್ಸಾಯ್ ಬೆಳೆಸುವವಳು ನರ್ಸರಿಗೆ ಹೋಗುತ್ತಾಳೆ. ರೇಡಿಯೊ ಬಿಚ್ಚುವವನು ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸುತ್ತುತ್ತಾನೆ. ಆ ಕೌಂಟರಿನ ಮೇಲೆ ಇಟ್ಟ ಐವತ್ತು ಚೀಟಿಗಳು ವೃತ್ತದಲ್ಲಿ ಕಟ್ಟಿದ ಇಪ್ಪತ್ತಡಿ ಬ್ಯಾನರಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಅಂಗಡಿಯವನು ಬಾಯಿ ತೆರೆದು ‘ನೀವೂ ಹೋಗಿ ಸಾರ್’ ಎಂದರಂತೂ ಮುಗಿಯಿತು. ಬ್ಯಾನರಿನಲ್ಲಿ ಅಧ್ಯಕ್ಷರ, ಕಾರ್ಯದರ್ಶಿಯ ಫೋಟೊ ದೊಡ್ಡದಾಗಿಯೂ ದಿನಾಂಕ ಸಣ್ಣದಾಗಿಯೂ ಇರುತ್ತದೆ ಎಂಬುದು ಬೇರೆ ಮಾತು.

ಒಬ್ಬರಿಂದ ಹತ್ತು ಜನಕ್ಕೆ ಸುದ್ದಿ ಮುಟ್ಟಿಸುವ ಕಲೆಯನ್ನು ಅತ್ಯಂತ ಶಿಸ್ತಿನಿಂದ ಮಾಡಿದವರು ಸ್ಟಾರ್ ಟ್ರೆಕ್ ಅಭಿಮಾನಿಗಳು. ಎರಡನೆಯ ವರ್ಷಕ್ಕೇ ಆ ಟಿವಿ ಧಾರಾವಾಹಿ ನಿಂತುಹೋಗಲಿದೆ ಎಂಬ ಸುದ್ದಿ ಹಬ್ಬಿದಾಗ, 1967-68ರಲ್ಲಿ ಬೀಜೊ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಟ್ರಿಂಬಲ್ ಪತ್ರ ಚಳವಳಿ ಹೂಡಿದರು. ವಿಜ್ಞಾನ ಕಥಾ ಸಮಾವೇಶಗಳಿಗೆ ಬಂದವರ ಪಟ್ಟಿ, ಧಾರಾವಾಹಿಗೆ ಅಭಿಮಾನಿಗಳು ಬರೆದ ಕಾಗದಗಳಲ್ಲಿದ್ದ ವಿಳಾಸಗಳು, ಎಲ್ಲವನ್ನೂ ಕಲೆಹಾಕಿದರು. ಅವರ ಸೂತ್ರ ಸರಳ: ನೀವು ಹತ್ತು ಜನರಿಗೆ ಹೇಳಿ, ಅವರಲ್ಲಿ ಪ್ರತಿಯೊಬ್ಬರೂ ಇನ್ನು ಹತ್ತು ಜನರಿಗೆ ಹೇಳಲಿ. ವಾಹಿನಿಗೆ ಕಾಗದಗಳ ಮಳೆ ಸುರಿಯಿತು. ಧಾರಾವಾಹಿ ಮೂರನೆಯ ವರ್ಷಕ್ಕೆ ಉಳಿಯಿತು, 1969ರಲ್ಲಿ ನಿಂತಿತು.

ಉಳಿದದ್ದು ವಿಳಾಸಗಳು ಮತ್ತು ಮರುಪ್ರಸಾರ. ನಿಂತುಹೋದ ಧಾರಾವಾಹಿಯನ್ನು ಸ್ಥಳೀಯ ಕೇಂದ್ರಗಳು ಮತ್ತೆ ಮತ್ತೆ ತೋರಿಸಿದವು. ಮೊದಲ ಸಲ ನೋಡದವರು ಈಗ ನೋಡಿ ಮರುಳಾದರು. 1972ರ ಜನವರಿಯಲ್ಲಿ ನ್ಯೂಯಾರ್ಕ್‌ನ ಸ್ಟ್ಯಾಟ್ಲರ್ ಹಿಲ್ಟನ್ ಹೋಟೆಲಿನಲ್ಲಿ ಒಂದಿಷ್ಟು ಅಭಿಮಾನಿಗಳು ಸೇರಿ ಸ್ಟಾರ್ ಟ್ರೆಕ್‌ಗೇ ಮೀಸಲಾದ ಸಮಾವೇಶ ಏರ್ಪಡಿಸಿದರು. ಕೆಲವು ನೂರು ಜನ ಬಂದರೆ ಹೆಚ್ಚೆಂಬುದು ಅಂದಾಜು. ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬರಿ ಬರುತ್ತೇನೆಂದರು, ಐಸಾಕ್ ಅಸಿಮೋವ್ ಬರುತ್ತೇನೆಂದರು, ನಾಸಾ ಸಂಸ್ಥೆ ಪ್ರದರ್ಶನಕ್ಕೆ ಸಾಮಗ್ರಿ ಕಳುಹಿಸಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಮೂರು ವರ್ಷವೂ ಆಗಿರದ ಕಾಲ ಅದು. ಬಂದವರು ಮೂರು ಸಾವಿರಕ್ಕೂ ಹೆಚ್ಚು. ಸಂಘಟಕರ ಅಂದಾಜು ತಪ್ಪಿದ್ದು ಸಹಜವೇ: ಅವರು ಎಣಿಸಿದ್ದು ತಮಗೆ ಪರಿಚಯವಿದ್ದ ಅಭಿಮಾನಿಗಳನ್ನು. ಕತ್ತಲ ಕೋಣೆಯಲ್ಲಿ ಒಬ್ಬರೇ ಕೂತು ಮರುಪ್ರಸಾರ ನೋಡುತ್ತಿದ್ದವರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಜಪಾನಿನ ಕಾಮಿಕ್ಸ್ ಮೇಳ ಕಾಮಿಕೆಟ್‌ದು ಬೇರೆಯೇ ದಾರಿ. 1975ರ ಡಿಸೆಂಬರ್ 21ರಂದು ಟೋಕಿಯೊದ ಒಂದು ಸಭಾಂಗಣದಲ್ಲಿ ಅದು ಮೊದಲ ಸಲ ನಡೆಯಿತು. ಯೋಶಿಹಿರೊ ಯೊನೆಝಾವಾ ಮತ್ತು ಗೆಳೆಯರು ಅದರ ರೂವಾರಿಗಳು. ಸ್ವಂತ ಖರ್ಚಿನಲ್ಲಿ ಮಾಂಗಾ (ಜಪಾನಿ ಕಾಮಿಕ್ಸ್) ಪುಸ್ತಿಕೆ ಅಚ್ಚು ಹಾಕಿಸುತ್ತಿದ್ದ 32 ಗುಂಪುಗಳು ಮೇಜು ಹಾಕಿದವು. ಸುಮಾರು 700 ಜನ ಬಂದರು. ಬಹುಪಾಲು ಶಾಲಾ ವಿದ್ಯಾರ್ಥಿನಿಯರು. ಕೋವಿಡ್‌ಗೆ ಮುಂಚಿನ 2019ರ ಹೊತ್ತಿಗೆ ನಾಲ್ಕು ದಿನಗಳ ಒಂದು ಕಾಮಿಕೆಟ್‌ಗೆ ಏಳು ಲಕ್ಷ ಮೀರಿದ ಹಾಜರಿ. ಇಲ್ಲಿ ಸಂಘಟಕರು ಗ್ರಾಹಕ ಎಂಬ ಮಾತನ್ನೇ ಒಪ್ಪುವುದಿಲ್ಲ. ಮಾರುವವರು, ಕೊಳ್ಳುವವರು, ಸ್ವಯಂಸೇವಕರು ಎಲ್ಲರೂ ಪಾಲುದಾರರೇ. ಕೇಳಲು ಆದರ್ಶದ ಮಾತಿನಂತಿದ್ದರೂ ಪ್ರಚಾರದ ದೃಷ್ಟಿಯಿಂದ ಇದು ಬಹಳ ಚುರುಕಾದ ಲೆಕ್ಕ. ಮೇಜು ಹಾಕಿದ ಪ್ರತಿ ಗುಂಪೂ ತನ್ನ ಪುಸ್ತಿಕೆ ಖಾಲಿಯಾಗಲೆಂದು ತಾನೇ ತನ್ನ ಓದುಗರನ್ನು ಕರೆತರುತ್ತದೆ. ಮೂವತ್ತೆರಡು ಗುಂಪುಗಳೆಂದರೆ ಸಂಬಳವಿಲ್ಲದ ಮೂವತ್ತೆರಡು ಪ್ರಚಾರ ವಿಭಾಗಗಳು. ನಮ್ಮಲ್ಲಿ ಪ್ರದರ್ಶನ ನಡೆಸುವವರು ಸಾಮಾನ್ಯವಾಗಿ ಐದಾರು ಹಿರಿಯ ಸಂಗ್ರಾಹಕರ ಫ್ರೇಮುಗಳನ್ನೇ ಸಾಲಾಗಿ ನಿಲ್ಲಿಸುತ್ತಾರೆ. ಮೂವತ್ತು ಮಕ್ಕಳಿಗೆ ಒಂದೊಂದು ಫ್ರೇಮು ಕೊಟ್ಟರೆ ಮೂವತ್ತು ಅಪ್ಪ, ಮೂವತ್ತು ಅಮ್ಮ, ಅರವತ್ತು ಅಜ್ಜ-ಅಜ್ಜಿಯರು ಬಂದೇ ಬರುತ್ತಾರೆ. ಫೋನಿನಲ್ಲಿ ಫೋಟೊ ಹಿಡಿದು ಬಂಧುಬಳಗಕ್ಕೆಲ್ಲ ಕಳುಹಿಸುವುದು ಅವರ ಕಡೆಯಿಂದ ಉಚಿತ ಸೇವೆ.

ಸುದ್ದಿ ಮುಟ್ಟಿದ ಮಾತ್ರಕ್ಕೆ ಜನ ಬರುತ್ತಾರೆಯೇ? ‘ಮುಂದಿನ ಸಲ ನೋಡೋಣ’ ಎಂಬ ಮಾತು ಎಲ್ಲ ಸಮಾವೇಶಗಳ ಮೊದಲ ಶತ್ರು. ಅದಕ್ಕೆ ಔಷಧವೆಂದರೆ, ಆ ದಿನ ಆ ಜಾಗದಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗದ ಏನಾದರೊಂದು. ಇದಕ್ಕೆ ನಮ್ಮ ದೇಶದಲ್ಲೇ ನೂರು ವರ್ಷ ಮೀರಿದ ಒಂದು ಅದ್ಭುತ ಉದಾಹರಣೆ ಇದೆ.

1911ರಲ್ಲಿ ಅಲಹಾಬಾದಿನಲ್ಲಿ ಸಂಯುಕ್ತ ಪ್ರಾಂತ್ಯಗಳ ಕೈಗಾರಿಕಾ ಮತ್ತು ಕೃಷಿ ಪ್ರದರ್ಶನ ನಡೆಯುತ್ತಿತ್ತು. ಅಲ್ಲಿ ವಿಮಾನಗಳನ್ನು ಹಾರಿಸಿ ತೋರಿಸಲು ವಾಲ್ಟರ್ ವಿಂಡಮ್ ಎಂಬ ಇಂಗ್ಲಿಷರು ವಿಮಾನ ಹಾಗೂ ಚಾಲಕರನ್ನು ಕರೆತಂದಿದ್ದರು. ವಿದ್ಯಾರ್ಥಿ ನಿಲಯವೊಂದಕ್ಕೆ ಹಣ ಕೂಡಿಸಲು ಸಹಾಯ ಮಾಡಿರೆಂದು ಊರಿನ ಪಾದ್ರಿಯೊಬ್ಬರು ಕೇಳಿಕೊಂಡರು. ವಿಂಡಮ್ ಅವರಿಗೆ ಹೊಳೆದದ್ದು ವಿಮಾನದಲ್ಲಿ ಅಂಚೆ ಸಾಗಿಸುವ ಉಪಾಯ. ಅಂಚೆ ಇಲಾಖೆ ಒಪ್ಪಿ ಅದಕ್ಕೆಂದೇ ಒಂದು ವಿಶೇಷ ಮೊಹರನ್ನೂ ಮಾಡಿಸಿತು. ವಿಶೇಷ ಶುಲ್ಕ ಕಟ್ಟಿ ಜನ ಕಾಗದಗಳನ್ನು ಒಪ್ಪಿಸಿದರು. ಫೆಬ್ರುವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಆರು ಸಾವಿರಕ್ಕೂ ಹೆಚ್ಚು ಕಾಗದಗಳ ಚೀಲ ಹೊತ್ತು, ಯಮುನೆಯನ್ನು ದಾಟಿ, ಸುಮಾರು ಹತ್ತು ಕಿಲೋಮೀಟರ್ ದೂರದ ನೈನಿಯಲ್ಲಿ ಇಳಿದ. ಹಾರಾಟ ಹದಿಮೂರು ನಿಮಿಷದ್ದು. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಹುಟ್ಟಿದ್ದು ಹೀಗೆ, ಒಂದು ಪ್ರದರ್ಶನದ ಆಕರ್ಷಣೆಯಾಗಿ. ಎತ್ತಿನ ಗಾಡಿಯಲ್ಲಿ ಕಳುಹಿಸಿದ್ದರೂ ಆ ಕಾಗದಗಳು ಅದೇ ದಿನ ತಲುಪುತ್ತಿದ್ದವು, ನಿಜ. ಆದರೆ ಕಡುಗೆಂಪು ಮಸಿಯ ಆ ಮೊಹರು ಬೀಳುತ್ತಿರಲಿಲ್ಲ. ಇಂದಿಗೂ ಸಂಗ್ರಾಹಕರು ಆ ಲಕೋಟೆಗಳಿಗೆ ಮುಗಿಬೀಳುತ್ತಾರೆ.

ಆ ಹಾರಾಟದ ನೂರನೆಯ ವರ್ಷಕ್ಕೆ ಹೊಂದಿಸಿ 2011ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ‘ಇಂಡಿಪೆಕ್ಸ್’ ಎಂಬ ವಿಶ್ವ ಅಂಚೆಚೀಟಿ ಪ್ರದರ್ಶನ ನಡೆಯಿತು. ಗಾಂಧೀಜಿಯ ಚಿತ್ರವಿದ್ದ, ಖಾದಿ ಬಟ್ಟೆಯ ಮೇಲೆ ಮುದ್ರಿಸಿದ ಅಂಚೆಚೀಟಿ ಬಿಡುಗಡೆಯಾದದ್ದು ಅಲ್ಲಿಯೇ. ನಮ್ಮ ಚಿತ್ರವನ್ನೇ ಅಂಚೆಚೀಟಿಯ ಪಕ್ಕ ಮುದ್ರಿಸಿಕೊಡುವ ‘ಮೈ ಸ್ಟ್ಯಾಂಪ್’ ಶುರುವಾದದ್ದೂ ಅಲ್ಲಿ. ಅಂಚೆಚೀಟಿಯ ಗಂಧವಿಲ್ಲದವನೂ ತನ್ನ ಮುಖ ಅಂಚೆಚೀಟಿಯ ಜೊತೆಗಿರುವುದನ್ನು ನೋಡಲು ಸಾಲಿನಲ್ಲಿ ನಿಲ್ಲುತ್ತಾನೆ. ಕರ್ನಾಟಕದ ರಾಜ್ಯಮಟ್ಟದ ‘ಕರ್ನಾಪೆಕ್ಸ್’ ಪ್ರದರ್ಶನಗಳಲ್ಲೂ ವಿಶೇಷ ಲಕೋಟೆಗಳ ಬಿಡುಗಡೆ ಇದ್ದೇ ಇರುತ್ತದೆ. ಊರಿನ ಒಂದು ಹಳೇ ಕಟ್ಟಡವೋ ತಿಂಡಿಯೋ ಹೂವೋ ಲಕೋಟೆಯ ಮೇಲೆ ಬಂದರೆ, ಅದಕ್ಕೆ ಸಂಬಂಧಪಟ್ಟ ಬಳಗವೊಂದು ತಾನಾಗಿ ಬರುತ್ತದೆ. ಮರುದಿನದ ಪತ್ರಿಕೆಗೆ ಒಂದು ಫೋಟೊ ಸಿಗುತ್ತದೆ. ಅಂಚೆ ಇಲಾಖೆಗೆ ಅರ್ಜಿ ಹಾಕಿ, ನಿಗದಿತ ಶುಲ್ಕ ಕಟ್ಟಿ ಇಂಥ ಲಕೋಟೆ ತರಿಸಿಕೊಳ್ಳಲು ಸಂಘ ಸಂಸ್ಥೆಗಳಿಗೂ ಅವಕಾಶವಿದೆ. ಬೋನ್ಸಾಯ್‌ನವರು, ನಾಣ್ಯದವರು, ಪಕ್ಷಿವೀಕ್ಷಕರು ಇದನ್ನು ಯಾಕೆ ಇನ್ನಷ್ಟು ಬಳಸುವುದಿಲ್ಲವೋ!

ಮತ್ತೆ ಸ್ಯಾನ್ ಡಿಯಾಗೊಗೆ ಬಂದರೆ, 1976ರಲ್ಲಿ ಚಾರ್ಲ್ಸ್ ಲಿಪ್ಪಿನ್‌ಕಾಟ್ ಎಂಬ ಪ್ರಚಾರಾಧಿಕಾರಿ ಅಲ್ಲಿಗೆ ಒಂದಿಷ್ಟು ಸ್ಲೈಡುಗಳನ್ನೂ ಪೋಸ್ಟರುಗಳನ್ನೂ ಹಿಡಿದು ಬಂದರು. ಇನ್ನೂ ಬಿಡುಗಡೆಯಾಗದ, ಯಾರೂ ಹೆಸರು ಕೇಳದ ಸಿನಿಮಾ. ಕಾಮಿಕ್ಸ್ ಕಲಾವಿದ ಹೊವರ್ಡ್ ಚೈಕಿನ್ ಬರೆದ ಆ ಪೋಸ್ಟರನ್ನು ಅಲ್ಲಿ ಮಾರಾಟಕ್ಕಿಟ್ಟರು. ಸಿನಿಮಾ ‘ಸ್ಟಾರ್ ವಾರ್ಸ್’. ಅದು ತೆರೆಗೆ ಬಂದದ್ದು 1977ರ ಮೇನಲ್ಲಿ. ಆ ಪೋಸ್ಟರ್ ಈಗ ಸಂಗ್ರಾಹಕರ ನಿಧಿ. ಸಿನಿಮಾದವರು ಸಮಾವೇಶವನ್ನು ಬಳಸಿಕೊಂಡರು ಎಂದು ಮೂಗು ಮುರಿಯುವವರಿದ್ದಾರೆ. ಲಾಭ ಎರಡೂ ಕಡೆಗೆ ಆಯಿತು ಎಂಬುದೇ ಹೆಚ್ಚು ಸರಿ. ಬೇರೆಯವರಿಗಿಂತ ಮೊದಲು ನೋಡಲು ಸಿಗುತ್ತದೆ ಎಂಬ ಆಸೆ ಅಲ್ಲಿಂದಾಚೆಗೆ ಆ ಸಮಾವೇಶದ ದೊಡ್ಡ ಸೆಳೆತವಾಯಿತು.

ಹೊರಗಿನವರನ್ನು, ಅಂದರೆ ಹವ್ಯಾಸದ ಗಂಧಗಾಳಿ ಇಲ್ಲದ ಕೊನೆಯ ಬಗೆಯವರನ್ನು ಒಳಗೆ ಕರೆಯುವುದು ಬೇರೆಯೇ ವಿದ್ಯೆ. ಕ್ಯಾಲಿಫೋರ್ನಿಯದ ಕಾಮಿಕ್ಸ್ ಅಂಗಡಿಯ ಮಾಲೀಕ ಜೋ ಫೀಲ್ಡ್ ಒಮ್ಮೆ ತಮ್ಮ ಅಂಗಡಿಯ ಪಕ್ಕದಲ್ಲಿ ಉದ್ದನೆಯ ಸಾಲು ಕಂಡರು. ಐಸ್‌ಕ್ರೀಮ್ ಅಂಗಡಿಯವರು ಅಂದು ಉಚಿತವಾಗಿ ಹಂಚುತ್ತಿದ್ದರು. ಕಾಮಿಕ್ಸನ್ನೂ ಹೀಗೆ ಹಂಚಿದರೆ? 2002ರ ಮೇ 4ರಂದು ಮೊದಲ ‘ಉಚಿತ ಕಾಮಿಕ್ಸ್ ದಿನ’ ನಡೆಯಿತು. ದಿನಾಂಕದಲ್ಲೇ ಜಾಣತನವಿತ್ತು: ಸ್ಪೈಡರ್‌ಮ್ಯಾನ್ ಸಿನಿಮಾ ಬಿಡುಗಡೆಯಾದದ್ದು ಅದರ ಹಿಂದಿನ ದಿನ. ಸಿನಿಮಾದವರು ಕೋಟಿಗಟ್ಟಲೆ ಸುರಿದು ಎಬ್ಬಿಸಿದ ಗಾಳಿಗೆ ಕಾಮಿಕ್ಸ್ ಅಂಗಡಿಗಳು ತಮ್ಮ ಹಾಯಿ ಕಟ್ಟಿದವು.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಈ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ತೋಟಗಾರಿಕೆ ಇಲಾಖೆ ಮತ್ತು ಮೈಸೂರು ಉದ್ಯಾನ ಕಲಾ ಸಂಘ ಸೇರಿ ವರ್ಷಕ್ಕೆರಡು ಸಲ ನಡೆಸುವ ಈ ಪ್ರದರ್ಶನ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸುತ್ತಲೇ ಬರುತ್ತದೆ. ದಿನಾಂಕವನ್ನು ಯಾರೂ ಹುಡುಕಬೇಕಾಗಿಲ್ಲ. ಪ್ರತಿ ಸಲ ಒಂದೊಂದು ವಿಷಯ. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ನೆನಪಿಗೆ ಅದನ್ನು ಅರ್ಪಿಸಲಾಗಿತ್ತು. ಅಭಿಮಾನಿಗಳ ‘ಅಪ್ಪು’ ಪುನೀತ್ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕೋವಿಡ್‌ನ ಬಿಡುವಿನ ನಂತರ ನಡೆದ ಆ ಪ್ರದರ್ಶನಕ್ಕೆ ಜನಸಾಗರವೇ ಹರಿಯಿತು. ಗಾಜಿನ ಮನೆಯೊಳಗೆ ನುಗ್ಗಿದವರಲ್ಲಿ ಎಷ್ಟು ಜನ ಆಂಥೂರಿಯಂ ನೋಡಲು ಬಂದಿದ್ದರು, ಎಷ್ಟು ಜನ ಅಪ್ಪುವನ್ನು ನೋಡಲು ಬಂದಿದ್ದರು ಎಂದು ಕೇಳುವುದು ವ್ಯರ್ಥ. ಅಪ್ಪುವಿಗಾಗಿ ಬಂದವರೂ ಹೊರಡುವಾಗ ಒಂದು ಸಸಿಯನ್ನೋ ಬೀಜದ ಪೊಟ್ಟಣವನ್ನೋ ಕೊಂಡರೆ ಹೂದೋಟದ ಹವ್ಯಾಸಕ್ಕೆ ಹೊಸಬರೊಬ್ಬರು ಸಿಕ್ಕ ಹಾಗೆ.

ವೇಷದ ಮಾತನ್ನೂ ಇಲ್ಲಿಯೇ ಹೇಳಬೇಕು. 1939ರ ನ್ಯೂಯಾರ್ಕ್ ಸಮಾವೇಶಕ್ಕೆ ಇದೇ ಫಾರೆಸ್ಟ್ ಅಕರ್‌ಮನ್ ಮತ್ತು ಅವರ ಗೆಳತಿ ಮರ್ಟಲ್ ಡಗ್ಲಸ್ ಭವಿಷ್ಯದ ಮನುಷ್ಯರ ಪೋಷಾಕು ತೊಟ್ಟು ಬಂದಿದ್ದರು. ಎರಡನ್ನೂ ಹೊಲಿದವರು ಡಗ್ಲಸ್. ಕಥೆಯ ಪಾತ್ರಗಳ ವೇಷ ತೊಡುವ ಇಂದಿನ ಕಾಸ್‌ಪ್ಲೇಯ ಬೇರು ಅಲ್ಲಿಗೆ ಹೋಗುತ್ತದೆ. ಪತ್ರಿಕೆಯ ಛಾಯಾಗ್ರಾಹಕನಿಗೆ ಗಾಜಿನ ಪೆಟ್ಟಿಗೆಯೊಳಗಿನ ಅಪರೂಪದ ಪುಸ್ತಕಕ್ಕಿಂತ ಮೆಟ್ರೊದಲ್ಲಿ ಕೂತ ಬ್ಯಾಟ್‌ಮ್ಯಾನ್ ಮುಖ್ಯ. ಅದಕ್ಕೆ ಬೇಸರಿಸಿ ಪ್ರಯೋಜನವಿಲ್ಲ.

ಪ್ರಚಾರ ಅತಿಯಾದಾಗ ಏನಾಗುತ್ತದೆ ಎಂಬುದಕ್ಕೆ 2006ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮೊದಲ ನ್ಯೂಯಾರ್ಕ್ ಕಾಮಿಕ್ ಕಾನ್ ಸಾಕ್ಷಿ. ಜ್ಯಾವಿಟ್ಸ್ ಕೇಂದ್ರದ ಒಂದು ಭಾಗವನ್ನಷ್ಟೇ ಹಿಡಿದಿದ್ದರು. ಶನಿವಾರ ಜನ ತುಂಬಿ ತುಳುಕಿ, ಅಗ್ನಿ ಸುರಕ್ಷತೆಯ ಅಧಿಕಾರಿಗಳು ಬಾಗಿಲು ಮುಚ್ಚಿಸಿದರು. ಮುಂಗಡ ಟಿಕೆಟ್ ಕೊಂಡವರೂ ಚಳಿಯಲ್ಲಿ ಹೊರಗೆ ನಿಂತರು. ಮರುವರ್ಷ ಸಂಘಟಕರು ಹೆಚ್ಚು ಜಾಗ ಹಿಡಿದು ಚೇತರಿಸಿಕೊಂಡರು. ಚೇತರಿಸಿಕೊಳ್ಳಲಾರದ ಉದಾಹರಣೆ 2014ರ ಜುಲೈನಲ್ಲಿ ಶಿಕಾಗೊ ಬಳಿಯ ಶಾಂಬರ್ಗ್‌ನಲ್ಲಿ ನಡೆದ ಡ್ಯಾಶ್‌ಕಾನ್. ಟಂಬ್ಲರ್ ಜಾಲತಾಣದ ಅಭಿಮಾನಿಗಳಿಗಾಗಿ ಏರ್ಪಡಿಸಿದ್ದು. ಪ್ರಚಾರ ಭರ್ಜರಿಯಾಗಿತ್ತು, ಬಂದವರು ನಿರೀಕ್ಷೆಯ ಒಂದು ಪಾಲು ಮಾತ್ರ. ಮೊದಲ ರಾತ್ರಿಯೇ ಸಂಘಟಕರು ವೇದಿಕೆ ಹತ್ತಿ, ಹೋಟೆಲಿಗೆ ತಕ್ಷಣ 17,000 ಡಾಲರ್ ಕಟ್ಟಬೇಕಾಗಿದೆ ಎಂದು ಬಂದವರ ಮುಂದೆಯೇ ಕೈಚಾಚಿದರು. ದೊಡ್ಡ ಆಕರ್ಷಣೆಯಾಗಿದ್ದ ಕಲಾವಿದರ ತಂಡ ಸಂಭಾವನೆ ಸಿಗದೆ ಹೊರಟುಹೋಯಿತು. ಆ ಕಾರ್ಯಕ್ರಮಕ್ಕೆ ಸೀಟು ಕಾಯ್ದಿರಿಸಿದ್ದವರಿಗೆ ಪರಿಹಾರವಾಗಿ ಕೊಟ್ಟ ಕೊಡುಗೆಗಳಲ್ಲಿ ಒಂದು, ಮಕ್ಕಳು ಆಡುವ ಪ್ಲಾಸ್ಟಿಕ್ ಚೆಂಡುಗಳ ತೊಟ್ಟಿಯಲ್ಲಿ ಒಂದು ಗಂಟೆ ಹೆಚ್ಚುವರಿ ಸಮಯ! ಖಾಲಿ ಸಭಾಂಗಣದ ನಡುವೆ ಅನಾಥವಾಗಿ ಕೂತ ಆ ತೊಟ್ಟಿಯ ಚಿತ್ರ ಜಗತ್ತಿನಾದ್ಯಂತ ನಗೆಪಾಟಲಾಯಿತು. ಆ ಸಮಾವೇಶಕ್ಕೆ ಸಿಕ್ಕ ಅತಿ ದೊಡ್ಡ ಪ್ರಚಾರ ಅದೇ.

ಭಾರತಕ್ಕೆ ಕಾಮಿಕ್ ಕಾನ್ ಬಂದದ್ದು 2011ರ ಫೆಬ್ರುವರಿಯಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಜಾಗದ ಆಯ್ಕೆಯೇ ಅರ್ಧ ಪ್ರಚಾರ: ಕರಕುಶಲ ವಸ್ತು ಕೊಳ್ಳಲು, ಬೇರೆ ಬೇರೆ ರಾಜ್ಯಗಳ ತಿಂಡಿ ತಿನ್ನಲು ಹೇಗೂ ಜನ ಬರುವ ತಾಣ ಅದು. ಅಲ್ಲಿ ಜೀವಮಾನದ ಸಾಧನೆಗಾಗಿ ಗೌರವ ಸಂದದ್ದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರಿಗೆ. ಕೆಲವೇ ದಿನಗಳಲ್ಲಿ, ಫೆಬ್ರುವರಿ 24ರಂದು, ಅವರು ತೀರಿಕೊಂಡರು. ಅವರ ಸಂಪಾದಕತ್ವದ ಅಮರ ಚಿತ್ರ ಕಥೆಯ ಇಂಗ್ಲಿಷ್ ಸಂಚಿಕೆಗಳ ಎಣಿಕೆ ಹನ್ನೊಂದರಿಂದ ಶುರುವಾಗುತ್ತದೆ. ಮೊದಲ ಹತ್ತು ಸಂಖ್ಯೆಗಳು ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಹೊರಬಂದ ಕನ್ನಡ ಸಂಚಿಕೆಗಳವು. ಬೆಂಗಳೂರಿಗೆ ಕಾಮಿಕ್ ಕಾನ್ 2012ರಲ್ಲಿ ಬಂತು, ಇಂದಿಗೂ ವರ್ಷ ವರ್ಷ ಬರುತ್ತಿದೆ. ಕರಾವಳಿಯ ಪೈ ಮಾಮನ ಪುಸ್ತಕಗಳನ್ನು ಅಟ್ಟದ ಮೇಲೆ ಪೇರಿಸಿಟ್ಟ ಎಷ್ಟೋ ಕನ್ನಡ ಮನೆಗಳಿಗೆ, ಇಂದ್ರಜಾಲ ಕಾಮಿಕ್ಸನ್ನು ಕನ್ನಡದಲ್ಲಿ ಓದಿ ಬೆಳೆದ ಈಗಿನ ಐವತ್ತು ಅರವತ್ತರ ಮಂದಿಗೆ, ಇದು ತಮ್ಮ ಹಬ್ಬವೂ ಹೌದೆಂದು ಅನಿಸಬೇಕಾದರೆ ಕರೆಯೋಲೆ ಅವರ ಭಾಷೆಯಲ್ಲಿ, ಅವರು ಓದುವ ಪುಟದಲ್ಲಿ ಇರಬೇಕು. ವೈಟ್‌ಫೀಲ್ಡಿನ ಹುಡುಗರಿಗೆ ಫೋನಿನಲ್ಲಿ ಮುಟ್ಟುವ ಸುದ್ದಿ ಬಸವನಗುಡಿಯ ಅಜ್ಜನಿಗೆ ಮುಟ್ಟುವುದಿಲ್ಲ. ಫ್ಯಾಂಟಮ್‌ನ ಹಳೇ ಕನ್ನಡ ಸಂಚಿಕೆ ಇರುವುದು ಮಾತ್ರ ಆ ಅಜ್ಜನ ಬಳಿಯೇ.

ಇನ್ನು ಕಾಸು ಖರ್ಚಿಲ್ಲದ ಒಂದು ಕೆಲಸ ಎಲ್ಲ ಸಂಘಟಕರ ಕೈಯಲ್ಲೂ ಇದೆ. ನೋಂದಣಿಯ ಮೇಜಿನಲ್ಲಿ ಹೆಸರು, ಊರು ಬರೆಸಿಕೊಳ್ಳುವಾಗ ಇನ್ನೊಂದು ಸಾಲು ಸೇರಿಸುವುದು: ‘ಈ ಸಮಾವೇಶದ ವಿಷಯ ನಿಮಗೆ ಯಾರಿಂದ ತಿಳಿಯಿತು?’ ಸಂಜೆ ಕೂತು ಆ ಸಾಲುಗಳನ್ನು ಎಣಿಸಿದರೆ ವಾಟ್ಸ್‌ಆ್ಯಪ್ ಎಷ್ಟು, ಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣ ಎಷ್ಟು, ಅಂಗಡಿಯವರು ಎಷ್ಟು, ಪಕ್ಕದ ಮನೆಯವರು ಎಷ್ಟು ಎಂಬುದು ಬಯಲಾಗುತ್ತದೆ. ಬ್ಯಾನರ್ ಎಂದು ಬರೆದವರು ಬೆರಳೆಣಿಕೆಯಷ್ಟೇ ಇದ್ದರೆ ಮುಂದಿನ ವರ್ಷ ಅಧ್ಯಕ್ಷರನ್ನು ಒಪ್ಪಿಸುವ ಕೆಲಸವೊಂದು ಬಾಕಿ ಉಳಿಯುತ್ತದೆ.